ರೇಡಿಯೇಟರಿಗೆ ಉಪ್ಪು ನೀರು ಬೇಡ: ಡೀಸೆಲ್ ಟ್ರ್ಯಾಕ್ಟರ್, ವಾಹನಗಳ ಕೂಲಂಟ್ ಪರೀಕ್ಷೆ ಮತ್ತು ಪಾಲನೆ

ತುಡಿಯಲೂರು: ಕೊಯಮತ್ತೂರು ಸೀಮೆಯಲ್ಲಿ ನೀರಿಗೆ ಎರಡು ಹೆಸರು. ನಲ್ಲಿಯಲ್ಲಿ ಬರುವ ಸಿರುವಾಣಿ, ಪಿಲ್ಲೂರು ನೀರು 'ನಲ್ಲ ತಣ್ಣಿ'. ಬೋರ್‌ವೆಲ್ಲಿನಿಂದ ಬರುವುದು 'ಉಪ್ಪು ತಣ್ಣಿ'. ಕನ್ನಡ ಮಾತನಾಡುವ ಮನೆಗಳಲ್ಲಿ ಅದೇ ಸಿಹಿ ನೀರು, ಉಪ್ಪು ನೀರು. ಉಪ್ಪು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುತ್ತದೆ ಎಂಬುದು ಇಲ್ಲಿನ ಪ್ರತಿ ಗೃಹಿಣಿಗೂ ಗೊತ್ತು. ಆದರೆ ಅದೇ ನೀರನ್ನು ಕೊಡದಲ್ಲಿ ತುಂಬಿ ಟ್ರ್ಯಾಕ್ಟರಿನ ರೇಡಿಯೇಟರಿಗೆ ಸುರಿಯುವಾಗ ಮನೆಯ ಯಜಮಾನರಿಗೆ ಅದು ನೆನಪಾಗುವುದಿಲ್ಲ!

ಪಾತ್ರೆಯ ತಳದಲ್ಲಿ ಕಟ್ಟುವ ಹೆಪ್ಪೇ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಬಹುದು, ಇಂಜಿನ್ನಿನ ಒಳಗೆ ಕೈ ಹೋಗುವುದಿಲ್ಲ. ಟ್ರ್ಯಾಕ್ಟರ್ ಸಾಲದ ಕಂತು ಇನ್ನೂ ತೀರದೆ ಇರುವಾಗಲೇ ಲೈನರ್, ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಎಂದು ಇಂಜಿನ್ ಬಿಚ್ಚಿಸಬೇಕಾಗಿ ಬಂದರೆ, ಎಷ್ಟೋ ಸಲ ಅದರ ಮೂಲ ಈ ಕೊಡ ನೀರಿನಲ್ಲಿರುತ್ತದೆ. ಮೆಕ್ಯಾನಿಕ್ ಬಿಲ್ಲಿನಲ್ಲಿ 'ಓವರ್‌ಹೀಟ್' ಎಂದು ಬರೆಯುತ್ತಾರೆ. ಓವರ್‌ಹೀಟ್ ಏಕಾಯಿತು ಎಂಬುದನ್ನು ಯಾರೂ ಬರೆಯುವುದಿಲ್ಲ.

ತುಡಿಯಲೂರು 2011ರಲ್ಲಿ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿತಾದರೂ, ಸುತ್ತಲಿನ ತೆಂಗು, ಬಾಳೆ ತೋಟಗಳ ಕೆಲಸ ಇಂದಿಗೂ ಟ್ರ್ಯಾಕ್ಟರನ್ನು ನಂಬಿಕೊಂಡಿದೆ. ಮೆಟ್ಟುಪಾಳಯಂ ರಸ್ತೆಯಲ್ಲಿ ನೀಲಗಿರಿಗೆ ಹೋಗಿ ಬರುವ ಲಾರಿ, ವ್ಯಾನುಗಳಿಗೂ ಕಡಿಮೆಯಿಲ್ಲ. ಕೂಲಂಟ್ ಬಗ್ಗೆ ಇವರೆಲ್ಲರೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕೂಲಂಟ್ ಎಂದರೇನು?

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಸೈಲೆನ್ಸರ್ ಮೂಲಕ ಮತ್ತು ಇಂಜಿನ್ ಗೋಡೆಗಳ ಮೂಲಕ ಹೊರಗೆ ಹೋಗಬೇಕು. ಗೋಡೆಯ ಶಾಖವನ್ನು ಹೊತ್ತು ರೇಡಿಯೇಟರಿಗೆ ಸಾಗಿಸುವ ದ್ರವವೇ ಕೂಲಂಟ್.

ಇದರಲ್ಲಿ ಮೂರು ವಸ್ತುಗಳಿವೆ. ಒಂದು ನೀರು. ಎರಡನೆಯದು ಎಥಿಲೀನ್ ಗ್ಲೈಕಾಲ್. ಇದು ನೀರು ಹೆಪ್ಪುಗಟ್ಟುವ ಮಟ್ಟವನ್ನು ಕೆಳಗಿಳಿಸಿ, ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. ಮೂರನೆಯದು ತುಕ್ಕು ತಡೆಯುವ ರಾಸಾಯನಿಕಗಳು. ಪ್ರಮಾಣದಲ್ಲಿ ಈ ಮೂರನೆಯದು ಅತಿ ಕಡಿಮೆ, ಆದರೆ ಬಿಸಿಲು ಸೀಮೆಯ ಇಂಜಿನ್ನಿಗೆ ಬಹಳ ಮುಖ್ಯವಾದದ್ದು ಇದೇ. 'ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹಿಮ ಬೀಳದಿರಬಹುದು, ತುಕ್ಕು ಹಿಡಿಯುತ್ತದಲ್ಲ!

ಎಲ್ಲ ಟ್ರ್ಯಾಕ್ಟರುಗಳಿಗೂ ಕೂಲಂಟ್ ಬೇಕೆಂದಿಲ್ಲ. ಐಷರ್ 242ರಂಥ ಒಂದು ಸಿಲಿಂಡರಿನ ಟ್ರ್ಯಾಕ್ಟರುಗಳು ಗಾಳಿಯಿಂದಲೇ ತಣ್ಣಗಾಗುವಂಥವು. ಅವುಗಳ ಮಾಲೀಕರು ಸಿಲಿಂಡರಿನ ಸುತ್ತಲಿನ ರೆಕ್ಕೆಗಳಲ್ಲಿ ಕಸ, ಮಣ್ಣು ಕೂರದಂತೆ ನೋಡಿಕೊಂಡರೆ ಸಾಕು.

ಕುಡಿಯಲು ಯೋಗ್ಯ, ಇಂಜಿನ್ನಿಗೆ ಅಯೋಗ್ಯ

ಕೂಲಂಟ್ ಜೊತೆ ಬೆರೆಸುವ ನೀರಿಗೆ ಭಾರಿ ಇಂಜಿನ್ ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ಹೀಗಿದೆ: ಲೀಟರಿಗೆ ಕ್ಲೋರೈಡ್ 40 ಮಿಲಿಗ್ರಾಂ, ಸಲ್ಫೇಟ್ 100 ಮಿಲಿಗ್ರಾಂ, ಗಡಸುತನ 170 ಮಿಲಿಗ್ರಾಂ, ಕರಗಿದ ಒಟ್ಟು ಲವಣ 340 ಮಿಲಿಗ್ರಾಂ.

ಇದನ್ನು ಕುಡಿಯುವ ನೀರಿನ ಭಾರತೀಯ ಮಾನದಂಡ ಐ.ಎಸ್. 10500ರ ಜೊತೆ ಹೋಲಿಸಿ ನೋಡಿ. ಬೇರೆ ನೀರು ಸಿಗದ ಕಡೆ ಕುಡಿಯುವ ನೀರಿನಲ್ಲಿ ಗಡಸುತನ 600ರವರೆಗೆ, ಕ್ಲೋರೈಡ್ 1000ದವರೆಗೆ, ಒಟ್ಟು ಲವಣ 2000ದವರೆಗೆ ಇದ್ದರೂ ಒಪ್ಪಿಗೆ ಇದೆ. ಅಂದರೆ ಮನುಷ್ಯರು ಕುಡಿಯಬಹುದಾದ ನೀರು ಇಂಜಿನ್ನಿಗೆ ಆಗದೆ ಹೋಗಬಹುದು. 'ನಾವೇ ಕುಡಿಯುತ್ತೇವೆ, ಗಾಡಿಗೇನು?' ಎನ್ನುವವರಿಗೆ ಇದೇ ಉತ್ತರ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿ ಹೆಚ್ಚಿರುವ ಕಡೆಯೇ, ಅಂದರೆ ಸಿಲಿಂಡರಿನ ಮೇಲ್ಭಾಗ ಮತ್ತು ಹೆಡ್ಡಿನ ಸಂದುಗಳಲ್ಲಿ, ಪದರವಾಗಿ ಕೂರುತ್ತವೆ. ಎಲ್ಲಿ ಶಾಖ ಬೇಗ ಹೊರಗೆ ಹೋಗಬೇಕೋ ಅಲ್ಲೇ ಕಲ್ಲಿನ ಹೊದಿಕೆ ಬೀಳುತ್ತದೆ. ಮೀಟರಿನ ಮುಳ್ಳು ಹಸಿರು ಗುರುತಿನಲ್ಲೇ ನಿಂತಿದ್ದರೂ ಹೆಡ್ಡಿನ ಒಂದು ಮೂಲೆ ಅಪಾಯದ ಬಿಸಿಯಲ್ಲಿರಬಹುದು. ಕ್ಲೋರೈಡ್ ಮತ್ತು ಸಲ್ಫೇಟ್ ಮಾಡುವ ಕೆಡುಕು ಬೇರೆ. ಅವು ಕಬ್ಬಿಣ, ಅಲ್ಯೂಮಿನಿಯಂ, ಬೆಸುಗೆಗಳನ್ನು ತಿನ್ನುತ್ತವೆ. ಕೂಲಂಟಿನಲ್ಲಿರುವ ತುಕ್ಕು ನಿರೋಧಕಗಳಲ್ಲಿ ಕೆಲವು ಗಡಸು ಲವಣದ ಜೊತೆ ಸೇರಿ ಗಸಿಯಾಗಿ ಕೆಳಗಿಳಿಯುತ್ತವೆ. ಹಾಗಾಗಿ ಒಳ್ಳೆಯ ಕೂಲಂಟನ್ನು ಉಪ್ಪು ನೀರಿನಲ್ಲಿ ಬೆರೆಸಿದರೆ ಕೂಲಂಟ್ ದುಡ್ಡೂ ಹೋಯಿತು, ಇಂಜಿನ್ನೂ ಕೆಟ್ಟಿತು.

ಹಾಗಾದರೆ ಯಾವ ನೀರು? ಬ್ಯಾಟರಿ ಅಂಗಡಿಯಲ್ಲಿ ಸಿಗುವ ಖನಿಜ ತೆಗೆದ ಡಿ.ಎಂ. ನೀರು ಉತ್ತಮ. ಬ್ಯಾಟರಿ ನೀರು ಕೇಳಿ, ಬ್ಯಾಟರಿ ಆಸಿಡ್ ಅಲ್ಲ. ಎರಡೂ ಒಂದೇ ಬಗೆಯ ಕ್ಯಾನಿನಲ್ಲಿ ಇಟ್ಟಿರುತ್ತಾರೆ, ಓದಿ ತೆಗೆದುಕೊಳ್ಳಬೇಕು. ನಲ್ಲಿಯ ಸಿರುವಾಣಿ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು, ಆದರೂ ಡಿ.ಎಂ. ನೀರಿಗೆ ಸಮವಲ್ಲ. ಮನೆಯ ಆರ್.ಒ. ಯಂತ್ರದ ಶುದ್ಧ ನೀರು ತುರ್ತಿಗೆ ಆದೀತು, ಆದರೆ ಆ ಯಂತ್ರದಿಂದ ಹೊರಗೆ ಹೋಗುವ ತ್ಯಾಜ್ಯ ನೀರನ್ನು 'ದಂಡವಾಗುತ್ತದೆ' ಎಂದು ಹಿಡಿದು ರೇಡಿಯೇಟರಿಗೆ ಹಾಕುವುದು ಉಪ್ಪು ನೀರಿಗಿಂತಲೂ ಕೆಟ್ಟದ್ದು.

ಕೈಗೆ ಹಿಡಿಯುವ ಟಿ.ಡಿ.ಎಸ್. ಮೀಟರ್ ಒಟ್ಟು ಲವಣವನ್ನು ಮಾತ್ರ ಅಂದಾಜು ತೋರಿಸುತ್ತದೆ, ಗಡಸುತನವನ್ನಲ್ಲ. ಅದರಲ್ಲಿ 340 ದಾಟಿದರೆ ಆ ನೀರನ್ನು ಬಿಟ್ಟುಬಿಡಬೇಕು. ಪೂರ್ಣ ವಿವರ ಬೇಕಾದರೆ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ನೀರಾವರಿ ನೀರಿನ ಪರೀಕ್ಷೆ ಇದೆ. ತೋಟದ ಬೋರ್ ನೀರನ್ನು ಬೆಳೆಗಾಗಿ ಪರೀಕ್ಷೆ ಮಾಡಿಸಿದ ರೈತರು ಆ ಚೀಟಿಯಲ್ಲಿರುವ ಕ್ಲೋರೈಡ್, ಸಲ್ಫೇಟ್ ಅಂಕಿಗಳನ್ನು ಮೇಲಿನ ಮಿತಿಯ ಜೊತೆ ಒಮ್ಮೆ ಹೋಲಿಸಿ ನೋಡಬಹುದು.

ಗುಳ್ಳೆಗಳು ಕೊರೆಯುವ ತೂತು

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿಗಿಲ್ಲದ ಒಂದು ಕಾಟವಿದೆ. ಹಲವು ಟ್ರ್ಯಾಕ್ಟರ್, ಲಾರಿ ಇಂಜಿನ್ನುಗಳಲ್ಲಿ ಪಿಸ್ಟನ್ ಓಡಾಡುವ ಲೈನರಿನ ಹೊರಮೈಗೆ ನೇರವಾಗಿ ಕೂಲಂಟ್ ತಾಗುತ್ತದೆ. ಇದಕ್ಕೆ ವೆಟ್ ಲೈನರ್ ಎನ್ನುತ್ತಾರೆ. ಪ್ರತಿ ಸಲ ಡೀಸೆಲ್ ಸಿಡಿದಾಗ ಪಿಸ್ಟನ್ ಪಕ್ಕಕ್ಕೆ ಒದ್ದು, ಲೈನರ್ ಗಂಟೆಯಂತೆ ಕಂಪಿಸುತ್ತದೆ. ಗೋಡೆ ಒಳಕ್ಕೆ ಸರಿದ ಕ್ಷಣದಲ್ಲಿ ಹೊರಗಿನ ಕೂಲಂಟಿನ ಒತ್ತಡ ಇಳಿದು ಸಣ್ಣ ಆವಿ ಗುಳ್ಳೆಗಳು ಹುಟ್ಟುತ್ತವೆ. ಗೋಡೆ ಮರಳಿ ಬಂದಾಗ ಆ ಗುಳ್ಳೆಗಳು ಒಡೆಯುತ್ತವೆ. ಒಂದೊಂದು ಗುಳ್ಳೆಯ ಏಟೂ ಸೂಜಿಯ ಮೊನೆಯಂಥದ್ದು. ಗಂಟೆಗಟ್ಟಲೆ, ತಿಂಗಳುಗಟ್ಟಲೆ ಅದೇ ಜಾಗಕ್ಕೆ ಏಟು ಬಿದ್ದು ಲೈನರಿನ ಮೈಯಲ್ಲಿ ಕುಳಿಗಳು ಸಾಲಾಗಿ ಏಳುತ್ತವೆ. ಕೊನೆಗೆ ಸೂಜಿಯಷ್ಟು ತೂತು ಬಿದ್ದು ಕೂಲಂಟ್ ಒಳಗೆ ನುಗ್ಗಿ ಇಂಜಿನ್ ಆಯಿಲಿಗೆ ಸೇರುತ್ತದೆ.

ಹೊರಗೆ ಒಂದು ಹನಿ ಸೋರಿಕೆ ಇಲ್ಲ, ರೇಡಿಯೇಟರಿನ ನೀರು ಮಾತ್ರ ಇಳಿಯುತ್ತಿದೆ, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತಿದೆ ಎಂದರೆ ಲೈನರ್ ತೂತು ಅಥವಾ ಗ್ಯಾಸ್ಕೆಟ್ ದೋಷವನ್ನು ಶಂಕಿಸಬೇಕು. ಅಂಥ ಇಂಜಿನ್ನನ್ನು 'ಗದ್ದೆ ಮುಗಿಸಿ ನೋಡೋಣ' ಎಂದು ಓಡಿಸಿದರೆ ಬೇರಿಂಗೂ ಹೋಗುತ್ತದೆ.

ಈ ಗುಳ್ಳೆಗಳನ್ನು ಪೂರ್ತಿ ನಿಲ್ಲಿಸಲು ಆಗದು. ಆದರೆ ಕೂಲಂಟಿನಲ್ಲಿರುವ ನೈಟ್ರೈಟ್, ಮಾಲಿಬ್ಡೇಟ್‌ನಂಥ ವಸ್ತುಗಳು ಲೈನರಿನ ಮೇಲೆ ತೆಳ್ಳನೆಯ ಕಾವಲು ಪದರ ಕಟ್ಟುತ್ತವೆ. ಗುಳ್ಳೆ ಆ ಪದರವನ್ನು ಒಡೆಯುತ್ತದೆ, ಪದರ ಮತ್ತೆ ಬೆಳೆಯುತ್ತದೆ, ಹೀಗೆ ರಾಸಾಯನಿಕ ಖರ್ಚಾಗುತ್ತ ಹೋಗುತ್ತದೆ. ಭಾರಿ ಡೀಸೆಲ್ ಇಂಜಿನ್ನಿನ ಕೂಲಂಟಿಗಾಗಿ ಇರುವ ಅಮೆರಿಕದ ಎ.ಎಸ್.ಟಿ.ಎಂ. ಡಿ 6210 ಮಾನದಂಡ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 1200 ಭಾಗ ನೈಟ್ರೈಟ್, ಅಥವಾ ನೈಟ್ರೈಟ್ ಮತ್ತು ಮಾಲಿಬ್ಡೇಟ್ ಎರಡೂ ಸೇರಿ 780 ಭಾಗ ಇರಬೇಕೆಂದು ಹೇಳುತ್ತದೆ. ಎರಡನೆಯ ಬಗೆಯಲ್ಲಿ ಒಂದೊಂದೂ 300ಕ್ಕೆ ಕಡಿಮೆ ಇರಬಾರದು. ಕಾರಿಗೆಂದು ಮಾರುವ ಕೂಲಂಟಿನಲ್ಲಿ ಈ ರಕ್ಷಣೆ ಇರಲೇಬೇಕೆಂದಿಲ್ಲ. ಹಸಿರು ಬಣ್ಣವಿದೆ, ಬೆಲೆ ಕಡಿಮೆ ಎಂದು ಕಾರಿನ ಕೂಲಂಟನ್ನು ಟ್ರ್ಯಾಕ್ಟರಿಗೆ ಹಾಕುವವರು ಡಬ್ಬಿಯ ಮೇಲೆ 'ಹೆವಿ ಡ್ಯೂಟಿ ಡೀಸೆಲ್' ಎಂದಿದೆಯೇ ನೋಡಬೇಕು. ಭಾರತದಲ್ಲಿ ಕೂಲಂಟಿನ ಮಾನದಂಡ ಐ.ಎಸ್. 5759. ಆ ಅಂಕಿಯೂ ಇಲ್ಲದ, ತಯಾರಕರ ವಿಳಾಸವೂ ಇಲ್ಲದ ಬಣ್ಣದ ನೀರು ಸಂತೆಯಲ್ಲಿ ಸಿಗುತ್ತದೆ, ಅದರಿಂದ ದೂರವಿರುವುದೇ ಲೇಸು.

ಪರೀಕ್ಷೆ ಹೇಗೆ?

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಇಂಜಿನ್ ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. ಒತ್ತಡದಲ್ಲಿರುವ ಬಿಸಿ ಕೂಲಂಟ್ ಮುಚ್ಚಳ ಸಡಿಲಿಸಿದ ಕೂಡಲೇ ಕುದಿದು ಮುಖಕ್ಕೆ ಎರಚುತ್ತದೆ. ಮೇಲೆ ಒದ್ದೆ ಬಟ್ಟೆ ಹಾಕಿ ತಿರುಗಿಸುವ ಸಾಹಸವೂ ಬೇಡ. ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ನೋಡುವುದು ಒಳ್ಳೆಯ ರೂಢಿ.

ಮೊದಲ ಪರೀಕ್ಷೆ ಕಣ್ಣಿನದು. ಒಂದು ಬಿಳಿ ಲೋಟದಲ್ಲಿ ಸ್ವಲ್ಪ ಕೂಲಂಟ್ ತೆಗೆದು ಬೆಳಕಿಗೆ ಹಿಡಿಯಬೇಕು. ತಿಳಿಯಾಗಿ, ಬಣ್ಣ ಮಾಸದೆ ಇದ್ದರೆ ಸರಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು. ಮೇಲೆ ಎಣ್ಣೆಯ ಪೊರೆ ತೇಲಿದರೆ ಆಯಿಲ್ ಕೂಲರ್ ಅಥವಾ ಗ್ಯಾಸ್ಕೆಟ್ ಸೋರಿಕೆ. ಲೋಳೆ ಲೋಳೆಯಾಗಿದ್ದರೆ ಎರಡು ಬಗೆಯ ಕೂಲಂಟ್ ಬೆರೆತಿರಬಹುದು. ಮಾದರಿಯನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಯಿಂದ ತೆಗೆಯಬಾರದು. ಅಲ್ಲಿರುವುದು ಇಂಜಿನ್ನಿನ ಕೂಲಂಟಿನ ಜೊತೆ ಸರಿಯಾಗಿ ಬೆರೆತಿರುವುದಿಲ್ಲ, ಫಲಿತಾಂಶ ಸುಳ್ಳಾಗುತ್ತದೆ. ರೇಡಿಯೇಟರ್ ಬಾಯಿಂದಲೋ ಕೆಳಗಿನ ಡ್ರೇನ್ ನಲ್ಲಿಯಿಂದಲೋ ತೆಗೆಯಬೇಕು.

ಎರಡನೆಯದು ಗ್ಲೈಕಾಲ್ ಎಷ್ಟಿದೆ ಎಂಬ ಪರೀಕ್ಷೆ. ಇದಕ್ಕೆ ಹೈಡ್ರೋಮೀಟರ್ ಎಂಬ ತೇಲುಕಡ್ಡಿಯ ಪಿಚಕಾರಿ ಅಗ್ಗವಾಗಿ ಸಿಗುತ್ತದೆ. ಆದರೆ ದ್ರವ ಬಿಸಿಯಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಪ್ರೊಪಿಲೀನ್ ಗ್ಲೈಕಾಲ್ ಬಳಸಿದ ಕೂಲಂಟಿಗಂತೂ ಅದನ್ನು ನಂಬುವಂತಿಲ್ಲ. ರಿಫ್ರ್ಯಾಕ್ಟೋಮೀಟರ್ ಉತ್ತಮ. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ದುರ್ಬೀನಿನಂತೆ ನೋಡಿದರೆ ನೀಲಿ, ಬಿಳಿ ಕೂಡುವ ಗೆರೆ ಒಂದು ಅಂಕಿಯನ್ನು ತೋರಿಸುತ್ತದೆ. ಮೊದಲು ಡಿ.ಎಂ. ನೀರು ಹಾಕಿ ಸೊನ್ನೆಗೆ ಹೊಂದಿಸಿಕೊಳ್ಳಬೇಕು. ಅರ್ಧ ನೀರು, ಅರ್ಧ ಗ್ಲೈಕಾಲ್ ಇದ್ದರೆ ಎಥಿಲೀನ್ ಗ್ಲೈಕಾಲ್ ಅಳತೆಪಟ್ಟಿಯಲ್ಲಿ ಮೈನಸ್ 37 ಡಿಗ್ರಿಯ ಸುಮಾರಿಗೆ ಗೆರೆ ನಿಲ್ಲುತ್ತದೆ. ಮೂರನೇ ಒಂದು ಪಾಲು ಮಾತ್ರವಿದ್ದರೆ ಮೈನಸ್ 18ರ ಸುಮಾರಿಗೆ. ಮೈನಸ್ 37 ಡಿಗ್ರಿ ಚಳಿ ತುಡಿಯಲೂರಿಗೆ ಎಂದೂ ಬರುವುದಿಲ್ಲ. ಇಲ್ಲಿ ಆ ಅಂಕಿ ಚಳಿಯ ಲೆಕ್ಕವಲ್ಲ, ನೀರು ಹೊಯ್ದು ಹೊಯ್ದು ಕೂಲಂಟ್ ಎಷ್ಟು ತೆಳುವಾಗಿದೆ ಎಂಬುದರ ಲೆಕ್ಕ. ಗ್ಲೈಕಾಲ್ ಅರ್ಧಕ್ಕೆ ಇಳಿದಿದ್ದರೆ ಅದರ ಜೊತೆ ಬಂದ ತುಕ್ಕು ನಿರೋಧಕವೂ ಅಷ್ಟಕ್ಕೇ ಇಳಿದಿದೆ ಎಂದು ತಿಳಿಯಬೇಕು.

ತೆಳುವಾಗಿದ್ದರೆ ಸರಿಪಡಿಸಲು ಸುಲಭ ಲೆಕ್ಕವಿದೆ. ಒಟ್ಟು 10 ಲೀಟರ್ ಹಿಡಿಯುವ ಇಂಜಿನ್ನಿನಲ್ಲಿ ಗ್ಲೈಕಾಲ್ ಶೇ. 30ಕ್ಕೆ ಇಳಿದಿದೆ, ಶೇ. 50ಕ್ಕೆ ತರಬೇಕು ಎಂದುಕೊಳ್ಳೋಣ. ಕೊರತೆ 20. ಈಗ ಇರುವ 30ನ್ನು 100ರಿಂದ ಕಳೆದರೆ 70. ಇಪ್ಪತ್ತನ್ನು 70ರಿಂದ ಭಾಗಿಸಿ 10 ಲೀಟರಿನಿಂದ ಗುಣಿಸಿದರೆ ಸುಮಾರು 2.9 ಲೀಟರ್. ಅಷ್ಟು ಹಳೆಯದನ್ನು ತೆಗೆದು, ಅಷ್ಟೇ ಅಳತೆಯ ನೀರು ಬೆರೆಸದ ಗಟ್ಟಿ ಕೂಲಂಟ್ ಹಾಕಿದರೆ ಸರಿಹೋಗುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ಪೂರ್ತಿ ಗ್ಲೈಕಾಲನ್ನೇ ತುಂಬುವುದು ತಪ್ಪು. ಶುದ್ಧ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ, ಇಂಜಿನ್ ಇನ್ನೂ ಬಿಸಿಯಾಗುತ್ತದೆ. ಹೆಪ್ಪುಗಟ್ಟುವ ವಿಷಯದಲ್ಲೂ ಅದು ಮಿಶ್ರಣಕ್ಕಿಂತ ಕಳಪೆ. ಮೈನಸ್ 13ರಲ್ಲೇ ಗಟ್ಟಿಯಾಗುತ್ತದೆ.

ಮೂರನೆಯ ಪರೀಕ್ಷೆ ತುಕ್ಕು ನಿರೋಧಕದ ಬಲ ತಿಳಿಯುವುದು. ರಿಫ್ರ್ಯಾಕ್ಟೋಮೀಟರಿಗೆ ಇದು ಕಾಣುವುದಿಲ್ಲ. ಐದು ವರ್ಷ ಹಳೆಯ, ಸತ್ವ ಕಳೆದುಕೊಂಡ ಕೂಲಂಟ್ ಕೂಡ ಅದರಲ್ಲಿ ಮೈನಸ್ 37 ತೋರಿಸಬಹುದು. ಬಹಳ ಜನ ಎಡವುವುದು ಇಲ್ಲಿಯೇ. ಇದಕ್ಕೆ ಬಣ್ಣ ಬದಲಾಗುವ ಕಾಗದದ ಪಟ್ಟಿಗಳಿವೆ. ತಣ್ಣಗಿನ ಮಾದರಿಯಲ್ಲಿ ಅದ್ದಿ, ಕೊಡವಿ, ಡಬ್ಬಿಯಲ್ಲಿ ಬರೆದಷ್ಟು ಸೆಕೆಂಡು ಕಾದು, ಹಗಲು ಬೆಳಕಿನಲ್ಲಿ ಬಣ್ಣಪಟ್ಟಿಯ ಜೊತೆ ಹೋಲಿಸಬೇಕು. ತಡವಾಗಿ ನೋಡಿದರೆ ಬಣ್ಣ ಬದಲಾಗಿರುತ್ತದೆ. ಅವಧಿ ಮೀರಿದ ಪಟ್ಟಿ, ಮುಚ್ಚಳ ತೆರೆದಿಟ್ಟ ಡಬ್ಬಿ ಎರಡೂ ದಂಡ. ನೈಟ್ರೈಟ್ ನೋಡುವ ಪಟ್ಟಿಯನ್ನು ನೈಟ್ರೈಟ್ ಇಲ್ಲದ ಬಗೆಯ ಕೂಲಂಟಿಗೆ ಬಳಸಿ 'ಕೆಟ್ಟಿದೆ' ಎಂದು ತೀರ್ಪು ಕೊಡಬಾರದು.

ಪಿಎಚ್ ಕೂಡ ನೋಡಬೇಕು. ಹಳೆಯ ಮಾದರಿಯ ಹಸಿರು ಕೂಲಂಟಿನಲ್ಲಿ ಅದು ಸಾಮಾನ್ಯವಾಗಿ 8ರಿಂದ 11ರ ನಡುವೆ, ಸಾವಯವ ಆಮ್ಲದ ಬಗೆಯಲ್ಲಿ 7.5ರಿಂದ 9ರ ಆಸುಪಾಸು ಇರುತ್ತದೆ. 7ಕ್ಕಿಂತ ಕೆಳಗಿಳಿದರೆ ಕೂಲಂಟ್ ಹುಳಿಯಾಗಿದೆ ಎಂದರ್ಥ. ಆಗ ಸತ್ವ ಸೇರಿಸುವ ಮಾತಿಲ್ಲ, ಪೂರ್ತಿ ಬದಲಿಸಬೇಕು.

ಕೆಲವು ಎಲೆಕ್ಟ್ರಿಷಿಯನ್ನರು ಮಲ್ಟಿಮೀಟರಿನ ಒಂದು ತುದಿಯನ್ನು ಕೂಲಂಟಿನಲ್ಲಿ ಅದ್ದಿ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ವೋಲ್ಟ್ ನೋಡುತ್ತಾರೆ. 0.3 ವೋಲ್ಟ್ ದಾಟಿದರೆ ಕೂಲಂಟ್ ಸತ್ತಿದೆ ಅಥವಾ ಗಾಡಿಯ ಅರ್ಥಿಂಗ್ ಸರಿಯಿಲ್ಲ ಎಂಬ ಲೆಕ್ಕ. ಲೈಟು, ಹಾರ್ನ್ ಹಾಕಿದಾಗ ಅಂಕಿ ಏರಿದರೆ ಅರ್ಥಿಂಗ್ ದೋಷ. ಇದು ಸೂಚನೆ ಮಾತ್ರ, ಇದೊಂದನ್ನೇ ನಂಬಿ ತೀರ್ಮಾನಿಸುವಷ್ಟು ನಿಖರವಲ್ಲ.

ಆಯಿಲ್ ಬದಲಿಸುವಾಗಲೆಲ್ಲ ಈ ಪರೀಕ್ಷೆಗಳನ್ನೂ ಮಾಡಿಬಿಟ್ಟರೆ ಪ್ರತ್ಯೇಕ ದಿನ ನೆನಪಿಡಬೇಕಾಗಿಲ್ಲ. ಅದೂ ಆಗದವರು ಆಡಿ ತಿಂಗಳ ಬಿತ್ತನೆಗೆ ಮುಂಚೆ ಒಮ್ಮೆ, ಹಿಂಗಾರು ಉಳುಮೆಗೆ ಮುಂಚೆ ಒಮ್ಮೆ ಮಾಡಿಸಬೇಕು. ಬಾಡಿಗೆಗೆ ಓಡುವ ಟ್ರ್ಯಾಕ್ಟರುಗಳಲ್ಲಿ ಡ್ರೈವರ್ ಬದಲಾಗುತ್ತಲೇ ಇರುತ್ತಾರೆ. ಯಾರು ಯಾವ ನೀರು ಹೊಯ್ದರೋ ಯಾರಿಗೆ ಗೊತ್ತು? ಅಂಥ ಗಾಡಿಗೆ ತಿಂಗಳಿಗೊಮ್ಮೆ ನೋಡಿದರೂ ಹೆಚ್ಚಲ್ಲ.

ಬಣ್ಣ ನೋಡಿ ಮೋಸ ಹೋಗಬೇಡಿ

ಹಸಿರು, ಕಿತ್ತಳೆ, ಗುಲಾಬಿ, ನೀಲಿ ಎಂಬುದು ತಯಾರಕರು ಬೆರೆಸುವ ಬಣ್ಣ ಅಷ್ಟೆ. ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಹಳೆಯ ಮಾದರಿಯ ಕೂಲಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಸಾವಯವ ಆಮ್ಲದ ದೀರ್ಘಾಯುಷಿ ಬಗೆ ಐದು ವರ್ಷದವರೆಗೂ ಬರುತ್ತದೆ. ಎರಡನ್ನೂ ಬೆರೆಸಿದರೆ ದೀರ್ಘಾಯುಷಿಯ ಆಯುಷ್ಯವೂ ಮೊಟಕಾಗುತ್ತದೆ. ಡಬ್ಬಿಯಲ್ಲಿರುವುದು ಗಟ್ಟಿ ಕೂಲಂಟೋ, ನೀರು ಬೆರೆಸಿದ ಸಿದ್ಧ ಕೂಲಂಟೋ ಎಂಬುದನ್ನೂ ಓದಿ ನೋಡಬೇಕು. ಸಿದ್ಧ ಕೂಲಂಟಿಗೆ ಮತ್ತೆ ನೀರು ಬೆರೆಸಿ 'ಉಳಿತಾಯ' ಮಾಡಿದವರು ಬಹಳ. ಡಬ್ಬಿಯ ಮಾತಿಗೂ ಇಂಜಿನ್ ಕೈಪಿಡಿಯ ಮಾತಿಗೂ ವ್ಯತ್ಯಾಸ ಬಂದರೆ ಕೈಪಿಡಿಯೇ ಪ್ರಮಾಣ.

ಬದಲಿಸುವ ಕ್ರಮ

ತಣ್ಣಗಿನ ಇಂಜಿನ್ನಿನಲ್ಲಿ ರೇಡಿಯೇಟರ್ ನಲ್ಲಿಯನ್ನೂ, ಇಂಜಿನ್ ಬ್ಲಾಕಿನ ಡ್ರೇನ್ ಬೋಲ್ಟನ್ನೂ ಬಿಚ್ಚಿ ಹಳೆಯದನ್ನು ಪಾತ್ರೆಗೆ ಇಳಿಸಬೇಕು. ಬ್ಲಾಕಿನ ಬೋಲ್ಟನ್ನು ಬಿಚ್ಚದೆ ಬರಿ ರೇಡಿಯೇಟರ್ ಖಾಲಿ ಮಾಡಿದರೆ ಇಂಜಿನ್ನಿನೊಳಗಿನ ಹಳೆಯ ಕೂಲಂಟ್ ಅಲ್ಲೇ ಉಳಿಯುತ್ತದೆ, ಹೊಸದರ ಅಳತೆ ತಪ್ಪುತ್ತದೆ. ತುಕ್ಕು, ಹೆಪ್ಪು ಇದ್ದರೆ ರೇಡಿಯೇಟರ್ ಕ್ಲೀನರ್ ಬಳಸಿ, ಆಮೇಲೆ ಡಿ.ಎಂ. ನೀರು ತುಂಬಿ, ಥರ್ಮೋಸ್ಟಾಟ್ ತೆರೆಯುವಷ್ಟು ಹೊತ್ತು ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಇಳಿಸಬೇಕು. ನೀರು ತಿಳಿಯಾಗಿ ಬರುವ ತನಕ ಹೀಗೆ ಮಾಡಬೇಕು. ಮನೆಯಲ್ಲಿರುವ ಆಸಿಡ್, ಸೋಡಾ ಸುರಿಯುವ ಪ್ರಯೋಗ ಅಲ್ಯೂಮಿನಿಯಂ ರೇಡಿಯೇಟರನ್ನು ತಿಂದುಹಾಕುತ್ತದೆ.

ಕೂಲಂಟನ್ನು ಹೊರಗೆ ಬಕೆಟ್ಟಿನಲ್ಲೇ ಬೆರೆಸಿ, ನಿಧಾನವಾಗಿ ಹೊಯ್ಯಬೇಕು. ಗಾಳಿ ಸಿಕ್ಕಿಕೊಂಡರೆ ಮಟ್ಟ ತುಂಬಿದಂತೆ ಕಂಡು ಆಮೇಲೆ ಇಳಿಯುತ್ತದೆ. ಮೊದಲ ಎರಡು ಮೂರು ದಿನ ಬೆಳಿಗ್ಗೆ ಮಟ್ಟ ನೋಡುವುದು ಇದಕ್ಕೇ. ಗದ್ದೆಯ ನಡುವೆ ನೀರು ಮುಗಿದರೆ ಕಾಲುವೆ ನೀರನ್ನಾದರೂ ಹಾಕಿ ಮನೆ ಸೇರಬೇಕು, ಬೇರೆ ದಾರಿಯಿಲ್ಲ. ಆದರೆ ಅದನ್ನು ಅಂದೇ ನೆನಪಿಟ್ಟು, ವಾರದೊಳಗೆ ಪೂರ್ತಿ ಇಳಿಸಿ ಬದಲಿಸಬೇಕು. ಕೆಂಪಗೆ ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ, ಕಾಯಲೇಬೇಕು.

ಸುತ್ತಲಿನ ಭಾಗಗಳು

ಬಿಸಿಲು ಸೀಮೆಯಲ್ಲಿ ಥರ್ಮೋಸ್ಟಾಟ್ ಬೇಡ ಎಂದು ಕಿತ್ತು ಬಿಸಾಡುವ ಪದ್ಧತಿ ಹಳೆಯದು, ಕೆಟ್ಟದ್ದು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ತಕ್ಕ ಬಿಸಿಗೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಲೈನರ್ ಬೇಗ ಸವೆಯುತ್ತದೆ, ಆಯಿಲಿನಲ್ಲಿ ಕೆಸರು ಕಟ್ಟುತ್ತದೆ. ಕೆಲವು ಇಂಜಿನ್ನುಗಳಲ್ಲಿ ಇದನ್ನು ತೆಗೆದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಬಿಸಿಯಾಗುವುದುಂಟು. ಅನುಮಾನವಿದ್ದರೆ ಅದನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ, ಥರ್ಮಾಮೀಟರ್ ಇಟ್ಟು ನೋಡಬಹುದು. ಮೈಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ಸಾಮಾನ್ಯವಾಗಿ ಅದು 82 ಡಿಗ್ರಿಯ ಆಚೀಚೆ ಇರುತ್ತದೆ.

ರೇಡಿಯೇಟರ್ ಮುಚ್ಚಳ ಬರಿ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ಕವಾಟ. ಅದರ ರಬ್ಬರ್ ಒಡೆದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ, ಲೈನರಿನ ಗುಳ್ಳೆ ಕಾಟವೂ ಹೆಚ್ಚುತ್ತದೆ. ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಮುಚ್ಚಳದ ಒಳಗಿನ ಸಣ್ಣ ಕವಾಟ ಅಂಟಿಕೊಂಡಿದೆ ಎಂದು ತಿಳಿಯಬೇಕು. ಹೊಸ ಮುಚ್ಚಳ ತರುವಾಗ ಹಳೆಯದರ ಮೇಲಿನ 0.9ರಂಥ ಅಂಕಿಯನ್ನೇ ಕೇಳಿ ತರಬೇಕು.

ಒಳಗೆಷ್ಟು ಚೊಕ್ಕಟವಿದ್ದರೂ ಹೊರಗಿನ ಜಾಲರಿ ಮುಚ್ಚಿದ್ದರೆ ಫಲವಿಲ್ಲ. ಒಕ್ಕಣೆ ಕಾಲದ ಹೊಟ್ಟು, ಪೊಲ್ಲಾಚಿ ಕಡೆಯ ತೆಂಗಿನ ನಾರಿನ ಪುಡಿ, ತಿರುಪ್ಪೂರಿನ ಹತ್ತಿ ಎಳೆ ಎಲ್ಲವೂ ರೇಡಿಯೇಟರಿನ ಸಂದುಗಳಲ್ಲಿ ಕೂರುತ್ತವೆ. ಫ್ಯಾನಿನ ಕಡೆಯಿಂದ ಮುಂಭಾಗಕ್ಕೆ, ಮೆಲ್ಲನೆಯ ಒತ್ತಡದ ಗಾಳಿಯಿಂದ ಊದಬೇಕು. ವಾಟರ್ ಸರ್ವಿಸ್‌ನವರ ಜೋರಾದ ನೀರಿನ ಏಟಿಗೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಹೊಸ ಬಿ.ಎಸ್. 6 ಲಾರಿ, ವ್ಯಾನುಗಳಲ್ಲಿ ಇನ್ನೊಂದು ಸೋರಿಕೆಯ ಜಾಗ ಸೇರಿಕೊಂಡಿದೆ. ಹೊಗೆಯನ್ನು ತಣಿಸಿ ಮತ್ತೆ ಇಂಜಿನ್ನಿಗೆ ಕಳಿಸುವ ಇ.ಜಿ.ಆರ್. ಕೂಲರಿನೊಳಗೂ ಕೂಲಂಟೇ ಓಡುತ್ತದೆ. ಅದು ಬಿರಿದರೆ ಹೊರಗೆ ಹನಿ ಕಾಣದೆ ಕೂಲಂಟ್ ಇಳಿಯುತ್ತದೆ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ಹೆಡ್ ಗ್ಯಾಸ್ಕೆಟ್ ಎಂದು ಇಂಜಿನ್ ಬಿಚ್ಚುವ ಮೊದಲು ಒತ್ತಡ ಪರೀಕ್ಷೆ ಮಾಡಿಸಬೇಕು. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ನಳಿಗೆ ಇಟ್ಟು ನೋಡುವ ಪರೀಕ್ಷೆಯೂ ಇದೆ. ಉರಿದ ಅನಿಲ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ.

ಘಾಟಿ ಹತ್ತುವವರಿಗೆ

ಮೆಟ್ಟುಪಾಳಯಂನಿಂದ ಕೂನೂರಿನ ಕಡೆಗೆ 14 ತಿರುವುಗಳ ಏರು. ಚಾಮರಾಜನಗರದ ಕಡೆ ಹೋಗುವವರಿಗೆ ದಿಂಬಂ ಘಾಟಿಯ 27 ತಿರುವುಗಳು. ತುಂಬಿದ ಲಾರಿ ಕಡಿಮೆ ಗೇರಿನಲ್ಲಿ ಏರುವಾಗ ಇಂಜಿನ್ ದುಡಿಮೆ ಹೆಚ್ಚು, ಎದುರು ಗಾಳಿ ಕಡಿಮೆ. ಮೇಲಕ್ಕೆ ಹೋದಂತೆ ನೀರು ಕುದಿಯುವ ಮಟ್ಟವೂ ಇಳಿಯುತ್ತದೆ. ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿ ತೆರೆದ ಪಾತ್ರೆಯ ನೀರು 93 ಡಿಗ್ರಿಯ ಒಳಗೇ ಕುದಿಯುತ್ತದೆ. ಬರಿ ನೀರು ತುಂಬಿ, ಮುಚ್ಚಳವೂ ಸೋರುವ ಗಾಡಿಗಳು ತಿರುವಿನಲ್ಲಿ ಆವಿ ಉಗುಳುತ್ತ ನಿಲ್ಲುವುದಕ್ಕೆ ಇದೇ ಕಾರಣ. ಗಟ್ಟಿ ಮುಚ್ಚಳ, ಅರ್ಧಕ್ಕರ್ಧ ಕೂಲಂಟ್ ಇದ್ದರೆ ಕುದಿಯುವ ಮಟ್ಟ ನೂರಿಪ್ಪತ್ತು ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮುಳ್ಳು ಏರತೊಡಗಿದರೆ ಪಕ್ಕಕ್ಕೆ ನಿಲ್ಲಿಸಿ, ಕೂಲಂಟ್ ಸೋರದಿದ್ದರೆ ಇಂಜಿನ್ ಕೂಡಲೇ ಆರಿಸದೆ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಬೇಕು. ಕೂಲಂಟ್ ಹರಿದುಹೋಗಿದ್ದರೆ ಮಾತ್ರ ತಕ್ಷಣ ಆರಿಸಬೇಕು.

ಹಿಮ ಬೀಳುವುದಿಲ್ಲ ಎಂಬ ವಾದವೂ ಊಟಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ತರಕಾರಿ ತುಂಬಲು ಹೋಗಿ ರಾತ್ರಿಯಿಡೀ ಬಯಲಿನಲ್ಲಿ ನಿಲ್ಲುವ, ಬರಿ ನೀರಿನ ಗಾಡಿಗೆ ಆ ಚಳಿಯೂ ಅಪಾಯ.

ಸಿಹಿ ವಿಷ

ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಸುಮಾರು 100 ಮಿಲಿಲೀಟರ್ ಹೊಟ್ಟೆಗೆ ಹೋದರೆ ದೊಡ್ಡವರ ಜೀವಕ್ಕೇ ಅಪಾಯ, ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಮೊದಲು ಕುಡಿದವರಂತೆ ತೂರಾಡಿ, ಸ್ವಲ್ಪ ಸುಧಾರಿಸಿದಂತೆ ಕಂಡು, ಒಂದು ಎರಡು ದಿನದಲ್ಲಿ ಮೂತ್ರಪಿಂಡ ಸೋಲುತ್ತದೆ. ಯಾರಾದರೂ ಕುಡಿದರೆಂದು ತಿಳಿದ ಕೂಡಲೇ, ಲಕ್ಷಣಕ್ಕಾಗಿ ಕಾಯದೆ, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಮದ್ದಿದೆ, ಬೇಗ ಕೊಟ್ಟರೆ ಉಳಿಯುತ್ತಾರೆ.

ಆದ್ದರಿಂದ ಇಳಿಸಿದ ಹಳೆಯ ಕೂಲಂಟನ್ನು ಕೊಟ್ಟಿಗೆಯ ಪಕ್ಕ, ಬಾವಿಯ ಸುತ್ತ, ಕಾಲುವೆಗೆ ಚೆಲ್ಲಬಾರದು. ಗುಂಡಿಯಲ್ಲಿ ನಿಂತ ಸಿಹಿ ನೀರಿಗೆ ಕರು, ನಾಯಿ ಬಾಯಿ ಹಾಕುತ್ತವೆ. ಮುಚ್ಚಳ ಭದ್ರವಾಗಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಜೊತೆ ಬೆರೆಸದೆ, ಅದನ್ನು ಸ್ವೀಕರಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು. ಉಳಿದ ಹೊಸ ಕೂಲಂಟನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಎಂದೂ ಇಡಬಾರದು. ಬಣ್ಣ, ಸಿಹಿ ಎರಡೂ ಮಕ್ಕಳನ್ನು ಮೋಸ ಮಾಡುತ್ತವೆ. ಮೂಲ ಡಬ್ಬಿಯಲ್ಲೇ ಬಿಟ್ಟು, ಎತ್ತರದ ಅಟ್ಟದಲ್ಲಿಟ್ಟು, ಮೇಲೆ 'ವಿಷ' ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು. ಈ ಕಡೆಯ ಮನೆಗಳಲ್ಲಿ ಮಾತು ಕನ್ನಡವಾದರೂ ಓದು ಬರಹ ತಮಿಳಿನಲ್ಲೇ ನಡೆಯುವುದರಿಂದ ತಮಿಳಿನಲ್ಲೂ ಬರೆಯುವುದು ಒಳ್ಳೆಯದು.